ಒಂದು 'ಎಸ್' ಅಕ್ಷರ ಮತ್ತು ಡೆನಿಸ್ ರಿಚಿ

ಲಿನಕ್ಸ್ ಕಂಪ್ಯೂಟರಿನಲ್ಲಿ ನಮ್ಮ ಪಾಸ್‌ವರ್ಡನ್ನು ನಾವೇ ಬದಲಿಸಿಕೊಳ್ಳಬಹುದು. ಇದರಲ್ಲೇನು ವಿಶೇಷ ಎನ್ನುವಿರಾ? ಪಾಸ್‌ವರ್ಡುಗಳ ಗುಟ್ಟು ಇರುವ ಕಡತವನ್ನು ತಿದ್ದುವುದಿರಲಿ, ತೆರೆದು ನೋಡುವ ಅನುಮತಿಯೂ ಸಾಮಾನ್ಯ ಬಳಕೆದಾರರಿಗಿಲ್ಲ. ಅದು 'ರೂಟ್' ಎಂಬ ಯಜಮಾನನ ಸೊತ್ತು. ಹಾಗಿದ್ದೂ ನಮ್ಮ ಕೆಲಸ ಆಗುತ್ತದಲ್ಲ, ಅದಕ್ಕೆ ಕಾರಣ ಡೆನಿಸ್ ರಿಚಿ.

ರಿಚಿ ಹುಟ್ಟಿದ್ದು 1941ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ. ಹಾರ್ವರ್ಡ್‌ನಲ್ಲಿ ಭೌತವಿಜ್ಞಾನ ಓದಿದ ಮಗ 1967ರಲ್ಲಿ ಅದೇ ಬೆಲ್ ಲ್ಯಾಬ್ಸ್ ಸೇರಿದರು. ಪಿಎಚ್‌ಡಿ ಪ್ರಬಂಧ ಬರೆದು ಮುಗಿಸಿದ್ದರೂ ಪದವಿ ಮಾತ್ರ ಪಡೆಯಲೇ ಇಲ್ಲ!

'ಮಲ್ಟಿಕ್ಸ್' ಎಂಬ ಭಾರೀ ಯೋಜನೆಯಿಂದ ಸಂಸ್ಥೆ 1969ರಲ್ಲಿ ಹೊರಬಂತು. ಅದೇ ವರ್ಷ ಸಹೋದ್ಯೋಗಿ ಕೆನ್ ಥಾಂಪ್ಸನ್ ಪಿಡಿಪಿ-7 ಎಂಬ ಹಳೆಯ, ಚಿಕ್ಕ ಯಂತ್ರದಲ್ಲಿ ಯುನಿಕ್ಸ್ ಕಟ್ಟಲು ಶುರುಮಾಡಿದರು, ರಿಚಿ ಕೈಜೋಡಿಸಿದರು. ಅವರು ರೂಪಿಸಿದ ಸಿ ಭಾಷೆಯಲ್ಲಿ 1973ರಲ್ಲಿ ಯುನಿಕ್ಸನ್ನು ಮತ್ತೆ ಬರೆದದ್ದರಿಂದ ಅದು ಯಂತ್ರದಿಂದ ಯಂತ್ರಕ್ಕೆ ಸಾಗುವಂತಾಯಿತು. ಈ ಕತೆ ಬಹಳ ಜನರಿಗೆ ಗೊತ್ತು. ಆದರೆ ಪಾಸ್‌ವರ್ಡಿನ ಕತೆ ಅಷ್ಟಾಗಿ ಗೊತ್ತಿಲ್ಲ.

ಯಾರು ಓಡಿಸುತ್ತಾರೋ ಅವರ ಅಧಿಕಾರದಲ್ಲೇ ಪ್ರೋಗ್ರಾಮು ಕೆಲಸಮಾಡುವುದು ವಾಡಿಕೆ. ಆಯ್ದ ಕೆಲವು ಪ್ರೋಗ್ರಾಮುಗಳು ಮಾತ್ರ ತಮ್ಮ ಮಾಲೀಕರ ಅಧಿಕಾರದಲ್ಲಿ ಓಡಲಿ ಎಂಬುದು ರಿಚಿಯವರ ಉಪಾಯ. ಬ್ಯಾಂಕಿನ ತಿಜೋರಿಯ ಕೀಲಿಯನ್ನು ಗ್ರಾಹಕರ ಕೈಗೆ ಕೊಡುವುದಿಲ್ಲ. ಗುಮಾಸ್ತರೇ ಒಳಹೋಗಿ, ಕೇಳಿದಷ್ಟನ್ನು ಮಾತ್ರ ತಂದುಕೊಡುತ್ತಾರೆ. ಇದೂ ಹಾಗೆಯೇ. ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಮಿನ ವಿವರವನ್ನು 'ಎಲ್‌ಎಸ್ -ಎಲ್' ಆದೇಶದಿಂದ ನೋಡಿ: ಮಾಲೀಕರ ಅನುಮತಿಯಲ್ಲಿ 'ಎಕ್ಸ್' ಇರಬೇಕಾದ ಕಡೆ ಬಹುತೇಕ ಲಿನಕ್ಸ್‌ಗಳಲ್ಲಿ 'ಎಸ್' ಕಾಣುತ್ತದೆ. ಇದರ ಹೆಸರು ಸೆಟ್‌ಯುಐಡಿ. 1973ರಲ್ಲಿ ಸಲ್ಲಿಸಿದ ಅರ್ಜಿಗೆ 1979ರಲ್ಲಿ ರಿಚಿಯವರ ಹೆಸರಿನಲ್ಲಿ ಪೇಟೆಂಟ್ ಬಂತು. ಆಮೇಲೆ ಅದನ್ನು ಎಲ್ಲರ ಬಳಕೆಗೂ ಬಿಟ್ಟುಕೊಡಲಾಯಿತು.

ಅಪಾಯವೂ ಇಲ್ಲೇ ಇದೆ. ರೂಟ್ ಮಾಲೀಕತ್ವದ, ಹುಳುಕಿರುವ ಪ್ರೋಗ್ರಾಮಿಗೆ ಈ 'ಎಸ್' ಸಿಕ್ಕರೆ ಗುಮಾಸ್ತರನ್ನು ಯಾಮಾರಿಸಿ ತಿಜೋರಿಗೇ ನುಗ್ಗಿದಂತೆ. ಹಾಗಾಗಿ, ಏನೋ ಕೆಲಸಮಾಡುತ್ತಿಲ್ಲವೆಂದು ಅನುಮತಿ ಸಂಖ್ಯೆಯ ಮುಂದೆ 4 ಸೇರಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಸರ್ವರ್ ನೋಡಿಕೊಳ್ಳುವವರು 'ಫೈಂಡ್' ಆದೇಶದಿಂದ ಇಂಥ ಕಡತಗಳನ್ನು ಆಗಾಗ ಪಟ್ಟಿಮಾಡುವುದು ಇದೇ ಕಾರಣಕ್ಕೆ.

ಅಂದಹಾಗೆ, ಲಿನಕ್ಸ್ ಬರೆದವರು ರಿಚಿ ಅಲ್ಲ. 1991ರಲ್ಲಿ ಅದನ್ನು ಹೊಸದಾಗಿ ಬರೆಯಲು ತೊಡಗಿದವರು ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್. ಬಳಸಿದ ಭಾಷೆ ಸಿ, ಮಾದರಿ ಯುನಿಕ್ಸ್.

ಥಾಂಪ್ಸನ್ ಜೊತೆ 1983ರ ಟ್ಯೂರಿಂಗ್ ಪ್ರಶಸ್ತಿ ಪಡೆದ ರಿಚಿ 2007ರಲ್ಲಿ ನಿವೃತ್ತರಾದರು. 2011ರ ಅಕ್ಟೋಬರಿನಲ್ಲಿ, ಸ್ಟೀವ್ ಜಾಬ್ಸ್ ನಿಧನದ ಸುದ್ದಿ ಪತ್ರಿಕೆಗಳನ್ನು ತುಂಬಿದ್ದ ದಿನಗಳಲ್ಲೇ, ನ್ಯೂಜೆರ್ಸಿಯಲ್ಲಿ ಒಬ್ಬರೇ ವಾಸವಿದ್ದ ಮನೆಯಲ್ಲಿ ತೀರಿಕೊಂಡರು. ಜಾಬ್ಸ್ ಸಂಸ್ಥೆಯ ಮ್ಯಾಕ್ ಕಂಪ್ಯೂಟರುಗಳ ಒಳಗಿರುವುದೂ ಯುನಿಕ್ಸ್ ಸಂತತಿಯೇ.