ವಿದ್ಯಾರ್ಥಿವೇತನದ ಋಣ: ಎಂ. ವಿಶ್ವೇಶ್ವರಯ್ಯನವರ ಬದುಕು ಮತ್ತು ಮಲೆನಾಡು

1

ಮೈಸೂರು ಸಂಸ್ಥಾನದ ಆಧುನಿಕತೆಯನ್ನು ಕುರಿತ ಬರಹಗಳಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಣೆಕಟ್ಟು, ಕಾರ್ಖಾನೆ, ಬ್ಯಾಂಕುಗಳ ನಿರ್ಮಾಪಕರಾಗಿಯೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತಾರೆ. ಅವರೇ ಸರ್ಕಾರದ ವಿದ್ಯಾರ್ಥಿವೇತನದಿಂದ ರೂಪುಗೊಂಡ ವ್ಯಕ್ತಿ ಎಂಬ ಸಂಗತಿ ಜೀವನಚರಿತ್ರೆಗಳ ಆರಂಭದ ಪುಟಗಳಲ್ಲಿ ಒಂದು ವಾಕ್ಯವಾಗಿ ಬಂದು ಮರೆಯಾಗುತ್ತದೆ. ಆ ವಾಕ್ಯವನ್ನೇ ಕೇಂದ್ರದಲ್ಲಿಟ್ಟು ಅವರ ಬದುಕನ್ನು ಓದಿದಾಗ ಎರಡು ಪ್ರಶ್ನೆಗಳು ಎದುರಾಗುತ್ತವೆ. ಬಡ ವಿದ್ಯಾರ್ಥಿಗೆ ಪ್ರಭುತ್ವವು ನೀಡುವ ನೆರವು ದಾನವೋ, ತೀರಿಸಬೇಕಾದ ಸಾಲವೋ ಅಥವಾ ಹಕ್ಕೋ ಎಂಬುದು ಮೊದಲನೆಯದು. ಪರೀಕ್ಷೆಯಲ್ಲಿ ಮುಂದೆ ಬಂದವರಿಗೆ ಸಲ್ಲುವ ವೇತನವು ಪರೀಕ್ಷೆಯ ಬಾಗಿಲಿಗೇ ಬರಲಾಗದವರನ್ನು ಮುಟ್ಟುವುದು ಹೇಗೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ವಿಶ್ವೇಶ್ವರಯ್ಯನವರು ತಮ್ಮ ಬದುಕಿನ ಮೂಲಕವೇ ಉತ್ತರ ನೀಡಿದರು. ಎರಡನೆಯದು ಅವರ ದಿವಾನಗಿರಿಯನ್ನೇ ಮುಗಿಸಿತು. ಅಂದು ಕಡೂರು ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಕೊಪ್ಪಗಳ ಕಾಫಿ ಮತ್ತು ಅಡಕೆಯ ಸೀಮೆಯು ಈ ಎರಡೂ ಪ್ರಶ್ನೆಗಳಿಗೆ ಒರೆಗಲ್ಲಿನಂತಿದೆ.

2

ವಿಶ್ವೇಶ್ವರಯ್ಯನವರು ಜನಿಸಿದ್ದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ, 1861ರ ಸೆಪ್ಟೆಂಬರ್ 15ರಂದು. ಕೆಲವು ಬರಹಗಳಲ್ಲಿ ಜನ್ಮವರ್ಷ 1860 ಎಂದಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆಗೆ ಗೌರವವಿತ್ತು, ಹಣವಿರಲಿಲ್ಲ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನ ಓದು ಮುಂದುವರಿದದ್ದು ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಸರೆಯಿಂದ. ವೆಸ್ಲಿಯನ್ ಮಿಷನ್ ಪ್ರೌಢಶಾಲೆಯ ನಂತರ ಸೆಂಟ್ರಲ್ ಕಾಲೇಜನ್ನು ಸೇರಿದಾಗ ಖರ್ಚಿಗೆ ದಾರಿ ಮಾಡಿಕೊಂಡದ್ದು ಮನೆಪಾಠದಿಂದ. ಸಂಸ್ಥಾನದ ಸೇವೆಯಲ್ಲಿದ್ದ ಮುದ್ದಯ್ಯ ಎಂಬ ಕೊಡಗಿನ ಅಧಿಕಾರಿಯ ಮನೆಯ ಮಕ್ಕಳಿಗೆ ಅವರು ಪಾಠ ಹೇಳುತ್ತಿದ್ದರು. ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಅವರ ಗಮನ ಈ ವಿದ್ಯಾರ್ಥಿಯ ಮೇಲೆ ಬಿದ್ದಿತು. 1881ರಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿ ಪಡೆದರು.

ಬಂಧುವಿನ ಮನೆಯ ಊಟ, ಪರರ ಮಕ್ಕಳಿಗೆ ಪಾಠ, ಒಬ್ಬ ಅಧ್ಯಾಪಕನ ವಿಶ್ವಾಸ: ಹತ್ತೊಂಬತ್ತನೆಯ ಶತಮಾನದ ಬಡ ವಿದ್ಯಾರ್ಥಿಗೆ ಇದ್ದ ಆಧಾರಗಳು ಇವೇ. ವಾರಾನ್ನದ ಪದ್ಧತಿಯನ್ನೂ ಸೇರಿಸಿಕೊಂಡರೆ ಪಟ್ಟಿ ಬಹುಮಟ್ಟಿಗೆ ಪೂರ್ಣವಾಗುತ್ತದೆ. ಇವೆಲ್ಲವೂ ಕುಲ, ಬಂಧುತ್ವ ಹಾಗೂ ಪರಿಚಯಗಳನ್ನು ಅವಲಂಬಿಸಿದ್ದವು. ಅಂಥ ಬಂಧುಜಾಲವು ನಗರದಲ್ಲಿ ಇಲ್ಲದ ಸಮುದಾಯಗಳಿಗೆ ಈ ಆಧಾರಗಳು ದೊರೆಯುತ್ತಿರಲಿಲ್ಲ ಎಂಬುದನ್ನು ಮುಂದಿನ ಚರ್ಚೆಯ ದೃಷ್ಟಿಯಿಂದ ನೆನಪಿನಲ್ಲಿಡಬೇಕು.

ಪದವಿಯ ನಂತರದ ಹೆಜ್ಜೆ ಮಾತ್ರ ಬೇರೆ ಬಗೆಯದು. ಮೈಸೂರಿನಲ್ಲಿ ಅಂದು ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ. 1881ರಲ್ಲಿ ರಾಜ್ಯಾಡಳಿತವು ಬ್ರಿಟಿಷರಿಂದ ಒಡೆಯರ ವಂಶಕ್ಕೆ ಮರಳಿತ್ತು; ಸಿ. ರಂಗಾಚಾರ್ಲು ದಿವಾನರಾಗಿದ್ದರು. 1876-78ರ ಭೀಕರ ಬರಗಾಲದಿಂದ ಬೊಕ್ಕಸ ಬರಿದಾಗಿ, ಸಂಸ್ಥಾನವು ಸಾಲದ ಹೊರೆಯಲ್ಲಿದ್ದ ಕಾಲವದು. ಎಲ್ಲ ಇಲಾಖೆಗಳಲ್ಲೂ ವೆಚ್ಚ ಕಡಿತವಾಗುತ್ತಿದ್ದ ಆ ಸಂದರ್ಭದಲ್ಲಿಯೂ ವಿಶ್ವೇಶ್ವರಯ್ಯನವರಿಗೆ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ಬಂಧುಗಳ ಕೃಪೆಯ ವಲಯದಿಂದ ಸರ್ಕಾರದ ನೀತಿಯ ವಲಯಕ್ಕೆ ಒಬ್ಬ ವಿದ್ಯಾರ್ಥಿ ದಾಟಿದ ಕ್ಷಣವಿದು. 1883ರಲ್ಲಿ ಅವರು ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ ಜೇಮ್ಸ್ ಬರ್ಕ್ಲಿ ಬಹುಮಾನಕ್ಕೆ ಪಾತ್ರರಾದರು. ರಂಗಾಚಾರ್ಲು ಅವರು ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

3

ಮೈಸೂರಿನ ಹಣದಿಂದ ಓದಿದ ವಿಶ್ವೇಶ್ವರಯ್ಯನವರು 1884ರಲ್ಲಿ ಸೇರಿದ್ದು ಮೈಸೂರಿನ ಸೇವೆಯನ್ನಲ್ಲ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು. ನಾಸಿಕ್, ಖಾನ್‌ದೇಶ, ಪುಣೆ, ಸಿಂಧ್ ಪ್ರಾಂತದ ಸುಕ್ಕೂರು, ಸೂರತ್ ಮುಂತಾದೆಡೆಗಳಲ್ಲಿ ಅವರು ದುಡಿದರು. ನೀರಾವರಿಯಲ್ಲಿ ಸರದಿಯ ಮೇಲೆ ನೀರು ಹಂಚುವ ಬ್ಲಾಕ್ ಪದ್ಧತಿಯನ್ನು ರೂಪಿಸಿದ್ದು, ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ತೂಬುಗಳನ್ನು ಅಳವಡಿಸಿದ್ದು ಈ ಅವಧಿಯಲ್ಲಿ. 1898ರಲ್ಲಿ ಅವರು ಜಪಾನಿನಲ್ಲಿ ಪ್ರವಾಸ ಮಾಡಿದರು. ಮೇಜಿ ಯುಗದ ಜಪಾನು ತನ್ನ ವಿದ್ಯಾರ್ಥಿಗಳನ್ನು ಸರ್ಕಾರದ ವೆಚ್ಚದಲ್ಲಿ ಯುರೋಪು, ಅಮೆರಿಕಗಳಿಗೆ ಕಳುಹಿಸಿ, ಹಿಂದಿರುಗಿದವರಿಂದ ತನ್ನ ವಿದ್ಯಾಸಂಸ್ಥೆಗಳನ್ನೂ ಕೈಗಾರಿಕೆಗಳನ್ನೂ ಕಟ್ಟಿಸಿದ್ದ ದೇಶ. ಶಿಕ್ಷಣಕ್ಕೆ ಮಾಡುವ ವೆಚ್ಚವು ಧರ್ಮಕಾರ್ಯವಲ್ಲ, ರಾಷ್ಟ್ರದ ಬಂಡವಾಳ ಎಂಬ ನಿಲುವು ಅವರ ಮುಂದಿನ ಬರಹ, ಭಾಷಣಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬಹುದು.

1908ರಲ್ಲಿ ಮುಂಬಯಿ ಸೇವೆಯಿಂದ ನಿವೃತ್ತರಾಗಿ, ಮೂಸಿ ನದಿಯ ಪ್ರವಾಹಕ್ಕೆ ತುತ್ತಾಗಿದ್ದ ಹೈದರಾಬಾದಿನಲ್ಲಿ ಕೆಲಕಾಲ ಕೆಲಸ ಮಾಡಿ, 1909ರ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದರು. ವಿದ್ಯಾರ್ಥಿವೇತನ ನೀಡಿದ ಸಂಸ್ಥಾನಕ್ಕೆ ಅದರ ಫಲ ಒದಗಿದ್ದು ಸುಮಾರು ಕಾಲು ಶತಮಾನದ ನಂತರ. ವೇತನದ ಪ್ರಯೋಜನವನ್ನು ವರ್ಷದಿಂದ ವರ್ಷಕ್ಕೆ ಲೆಕ್ಕ ಹಾಕುವ ಯಾವ ಆಡಳಿತಗಾರನಾದರೂ 1900ರ ಹೊತ್ತಿಗೆ ಆ ವೆಚ್ಚವನ್ನು ನಷ್ಟದ ಖಾತೆಗೆ ಬರೆಯಬಹುದಿತ್ತು.

4

1912ರ ನವೆಂಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ನೇಮಿಸಿದರು. ಮುಂದಿನ ಆರು ವರ್ಷಗಳ ಶೈಕ್ಷಣಿಕ ಕ್ರಮಗಳನ್ನು ಒಟ್ಟಾಗಿ ನೋಡಿದರೆ ಅವುಗಳಲ್ಲಿ ಒಂದು ಸೋಪಾನವಿರುವುದು ಗಮನಕ್ಕೆ ಬರುತ್ತದೆ. ಕೆಳಗಿನ ಮೆಟ್ಟಿಲಾಗಿ 1913ರ ಪ್ರಾಥಮಿಕ ಶಿಕ್ಷಣ ಶಾಸನವು ಆಯ್ದ ಕೇಂದ್ರಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಅವಕಾಶ ನೀಡಿತು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. 1915ರಲ್ಲಿ ಸರ್ಕಾರಿ ಶಾಲೆಗಳ ಬಾಗಿಲು ಅಸ್ಪೃಶ್ಯರೆನಿಸಿಕೊಂಡಿದ್ದ ಸಮುದಾಯಗಳ ಮಕ್ಕಳಿಗೆ ತೆರೆಯಿತು. ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದದ್ದೂ ಅದೇ ವರ್ಷ. 1916ರ ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಅಸ್ತಿತ್ವಕ್ಕೆ ಬಂದವು. ಪುಣೆಗೆ ಹೋಗಲು ತಮಗೆ ಬೇಕಾಗಿದ್ದ ವಿದ್ಯಾರ್ಥಿವೇತನದ ಅಗತ್ಯವೇ ಮುಂದಿನವರಿಗೆ ಬಾರದಂತೆ ಕಾಲೇಜನ್ನೇ ಮನೆಬಾಗಿಲಿಗೆ ತಂದದ್ದು, ಋಣ ತೀರಿಸುವ ಒಂದು ಬಗೆಯೆಂದೇ ತಿಳಿಯಬೇಕು. ಇದರ ಜೊತೆಗೆ ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳಿಗೆ ವಿಶೇಷ ವೇತನಗಳನ್ನೂ, ವಿದೇಶಗಳಲ್ಲಿ ತಾಂತ್ರಿಕ ಶಿಕ್ಷಣ ಪಡೆಯುವವರಿಗೆ ನೆರವನ್ನೂ ಅವರ ಸರ್ಕಾರವು ಒದಗಿಸಿತು.

ಈ ಸೋಪಾನವು ಮಲೆನಾಡಿನಲ್ಲಿ ಹೇಗೆ ತೋರುತ್ತಿತ್ತು ಎಂಬುದು ವಿಚಾರಾರ್ಹ. ಕಡೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಊರೆಂದರೆ ಬಯಲುಸೀಮೆಯಂತೆ ಒತ್ತಾಗಿ ಕೂಡಿದ ಕೇರಿಗಳಲ್ಲ. ಗುಡ್ಡಕ್ಕೊಂದು, ಕಣಿವೆಗೊಂದು ಒಂಟಿಮನೆ. ತಿಂಗಳುಗಟ್ಟಲೆ ಬಿಡದ ಮಳೆ, ತುಂಬಿ ಹರಿಯುವ ಹಳ್ಳಗಳು, ಮಲೇರಿಯ. ಕಾಫಿ ತೋಟಗಳ ದುಡಿಮೆಗೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಕೂಲಿಗಳು ಹಂಗಾಮಿಗೆ ಬಂದು ಹೋಗುತ್ತಿದ್ದರು; ಅವರ ಮಕ್ಕಳಿಗೆ ಒಂದೇ ಊರಿನ ಶಾಲೆ ಎಂಬುದೇ ಇರಲಿಲ್ಲ. ಇಂಥಲ್ಲಿ ಮೈಸೂರಿನ ಕಾಲೇಜಿಗೆ ಸಲ್ಲುವ ವಿದ್ಯಾರ್ಥಿವೇತನವು, ಕೆಳಗಿನ ಮೆಟ್ಟಿಲುಗಳಿಲ್ಲದ ಏಣಿಯ ಮೇಲಿನ ಮೆಟ್ಟಿಲಾಗಿತ್ತು. ಸಮೀಪದಲ್ಲಿ ಶಾಲೆ, ಪೇಟೆಯಲ್ಲಿ ವಸತಿನಿಲಯ, ಆಮೇಲೆ ವೇತನ: ಈ ಮೂರೂ ಕೂಡಿದಾಗ ಮಾತ್ರ ಮಲೆಯ ಮಗು ವಿಶ್ವವಿದ್ಯಾನಿಲಯವನ್ನು ತಲಪಬಹುದಿತ್ತು.

ತಲಪಿದವರಲ್ಲಿ ಪ್ರಸಿದ್ಧರು ಕುವೆಂಪು. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ ಜನಿಸಿ, ಕುಪ್ಪಳಿಯಲ್ಲಿ ಬೆಳೆದು, ತೀರ್ಥಹಳ್ಳಿಯ ಮೂಲಕ ಮೈಸೂರಿಗೆ ಬಂದ ಅವರು, 1929ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದಿಂದಲೇ ಕನ್ನಡ ಎಂ.ಎ. ಪದವಿ ಪಡೆದರು. ಅವರದು ಜಮೀನುಳ್ಳ ಮನೆತನ. ಆದರೂ ಹಿಡುವಳಿದಾರ ಮನೆಯ ಹುಡುಗನ ಓದು ಕೂಡ ಎಷ್ಟು ತೂಗುಯ್ಯಾಲೆಯಲ್ಲಿತ್ತು ಎಂಬುದಕ್ಕೆ 1936ರ ಕಾನೂರು ಹೆಗ್ಗಡಿತಿ ಕಾದಂಬರಿಯ ಹೂವಯ್ಯನೇ ನಿದರ್ಶನ. ಮನೆಯ ಹಣವೂ ಯಜಮಾನಿಕೆಯೂ ಚಂದ್ರಯ್ಯಗೌಡರ ಕೈಯಲ್ಲಿರುವುದರಿಂದ ಮೈಸೂರಿನ ಅವನ ವಿದ್ಯಾಭ್ಯಾಸ ಮುಂದುವರಿಯುವುದಿಲ್ಲ. ವಿದ್ಯಾರ್ಥಿಯ ಕೈಗೇ ನೇರವಾಗಿ ಬರುವ ವೇತನವು ಬಡತನದಿಂದ ಮಾತ್ರವಲ್ಲ, ಕುಟುಂಬದ ಯಜಮಾನಿಕೆಯಿಂದಲೂ ಬಿಡುಗಡೆ ನೀಡಬಲ್ಲುದು ಎಂಬ ಅರ್ಥವನ್ನು ಆ ಕಥಾಭಾಗದಿಂದ ಹೊರಡಿಸಬಹುದು.

5

ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ಅಧ್ಯಾಯವು ಇದೇ ಪ್ರಶ್ನೆಯ ಸುತ್ತ ನಡೆಯಿತು. ವೀರಶೈವ, ಒಕ್ಕಲಿಗ ಸಮುದಾಯಗಳು ಶತಮಾನದ ಮೊದಲ ದಶಕದಲ್ಲಿಯೇ ಸಂಘಗಳನ್ನು ಕಟ್ಟಿಕೊಂಡು ಶಿಕ್ಷಣಕ್ಕೆ ನಿಧಿ, ವಿದ್ಯಾರ್ಥಿನಿಲಯಗಳನ್ನು ಏರ್ಪಡಿಸಲು ತೊಡಗಿದ್ದವು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿಕೊಂಡು, ಸರ್ಕಾರಿ ಸೇವೆಯಲ್ಲಿ ಬ್ರಾಹ್ಮಣೇತರರಿಗೆ ನ್ಯಾಯವಾದ ಪಾಲನ್ನು ಕೇಳಿತು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ನೇಮಕಾತಿಗೆ ಅರ್ಹತೆಯೇ ಆಧಾರವಾಗಬೇಕು, ಹಿಂದುಳಿದವರನ್ನು ಶಿಕ್ಷಣ ಮತ್ತು ವಿದ್ಯಾರ್ಥಿವೇತನಗಳ ಮೂಲಕ ಆ ಅರ್ಹತೆಗೆ ಏರಿಸಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವಾಗಿತ್ತು. ಭಿನ್ನಾಭಿಪ್ರಾಯ ಬಗೆಹರಿಯದೆ 1918ರ ಕೊನೆಗೆ ಅವರು ಅಧಿಕಾರದಿಂದ ನಿರ್ಗಮಿಸಿದರು.

ಈ ನಿಲುವನ್ನು ಜಾತಿಯ ಪಕ್ಷಪಾತವೆಂದು ತಳ್ಳಿಹಾಕುವುದು ಸುಲಭ. ಶುದ್ಧ ತತ್ತ್ವನಿಷ್ಠೆಯೆಂದು ಕೊಂಡಾಡುವುದೂ ಅಷ್ಟೇ ಸುಲಭ. ಅವರ ಜೀವನವನ್ನು ಗಮನಿಸಿದರೆ ಅದು ತಮ್ಮದೇ ಅನುಭವವನ್ನು ನೀತಿಯಾಗಿ ವಿಸ್ತರಿಸಿದ ನಿಲುವೆಂದು ತೋರುತ್ತದೆ. ಒಂದು ವೇತನ, ಕಠಿಣ ದುಡಿಮೆ, ಮೊದಲ ಸ್ಥಾನ: ಅವರ ಪಾಲಿಗೆ ದಾರಿ ಹೀಗೆ ತೆರೆದಿತ್ತು. ಆದರೆ ಆ ವೇತನಕ್ಕೆ ಮುನ್ನ ಅವರಿಗೆ ಅಕ್ಷರ ಬಲ್ಲ ಮನೆಯಿತ್ತು, ಬೆಂಗಳೂರಿನಲ್ಲಿ ಸೋದರಮಾವನಿದ್ದರು, ಮನೆಪಾಠ ದೊರಕಿಸುವ ಪರಿಚಯಗಳಿದ್ದವು. ಕಳಸದ ಕಡೆಯ ತೋಟದ ಆಳಿನ ಮಗನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಮಿಲ್ಲರ್ ಸಮಿತಿಯ 1919ರ ವರದಿಯು ಈ ಅಂತರವನ್ನು ಗುರುತಿಸಿತು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಾಗದಂತೆ, ಕೆಳದರ್ಜೆಯಲ್ಲಿ ಮೂರರಲ್ಲಿ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಅದು ಸೂಚಿಸಿತು. ಜೊತೆಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳನ್ನೂ ಶಿಫಾರಸು ಮಾಡಿತು. ಸರ್ಕಾರವು 1921ರಲ್ಲಿ ಇದರ ಮೇಲೆ ಆಜ್ಞೆ ಹೊರಡಿಸಿತು. ದಿವಾನರೂ ಸಮಿತಿಯೂ ವೇತನದ ವಿಷಯದಲ್ಲಿ ಒಂದೇ ಮಾತನ್ನು ಹೇಳುತ್ತಿದ್ದುದು ಸ್ವಾರಸ್ಯಕರ. ವೇತನವಷ್ಟೇ ಸಾಕೇ ಎಂಬಲ್ಲಿ ಅವರ ದಾರಿಗಳು ಕವಲೊಡೆದವು.

6

ಅಧಿಕಾರ ಬಿಟ್ಟ ಮೇಲೂ ಋಣದ ಲೆಕ್ಕ ಮುಗಿಯಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿ ಸಂಕಷ್ಟಕ್ಕೆ ಸಿಲುಕಿದಾಗ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದರು. ಆ ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಇದ್ದಿಲಿಗೆ ಸೌದೆ ಮಲೆನಾಡಿನ ಕಾಡುಗಳಿಂದ. ಈ ಸೇವೆಗೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ಬಳಸದೆ, ಕೈಕಸುಬಿನ ಶಿಕ್ಷಣ ನೀಡುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದು ಬಯಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಅದರ ಫಲ. ಪದವಿಗೆ ಹೋಗಲಾಗದ ಹುಡುಗರಿಗೆ ಕಸುಬು ಕಲಿಸುವ ಈ ಸಂಸ್ಥೆಯ ಹಿಂದೆ ಕಾಫಿ ಬೆಟ್ಟಗಳ ಅದಿರೂ ಮಲೆನಾಡಿನ ದುಡಿಮೆಯೂ ಇತ್ತು ಎಂಬುದು ದಾಖಲಾಗಬೇಕಾದ ಸಂಗತಿ. ಗಿರಿಯಿಂದ ಹೊರಟ ಸಂಪತ್ತು ಶಿಕ್ಷಣವಾಗಿ ಮಾರ್ಪಟ್ಟಿತು. ಆದರೆ ಅದು ನೆಲೆಗೊಂಡದ್ದು ರಾಜಧಾನಿಯಲ್ಲಿ.

1951ರಲ್ಲಿ ತಮ್ಮ ಕಾರ್ಯಜೀವನದ ನೆನಪುಗಳನ್ನು ಪ್ರಕಟಿಸಿದ ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಸಂದಿತು. 1962ರ ಏಪ್ರಿಲ್‌ನಲ್ಲಿ ಅವರು ನಿಧನರಾದರು.

ಅವರ ನಂತರ ಮಲೆನಾಡಿನ ಏಣಿಗೆ ಕೆಳಗಿನ ಮೆಟ್ಟಿಲುಗಳು ಒಂದೊಂದಾಗಿ ಜೋಡಣೆಯಾದವು. 1975ರ ಹಾವನೂರು ಆಯೋಗದ ವರದಿಯು ಮಿಲ್ಲರ್ ಸಮಿತಿಯ ಚಿಂತನೆಯನ್ನು ಹೊಸ ಕಾಲಕ್ಕೆ ವಿಸ್ತರಿಸಿತು. ಹಿಂದುಳಿದ ವರ್ಗಗಳ ಸರ್ಕಾರಿ ವಿದ್ಯಾರ್ಥಿನಿಲಯಗಳು ಜಿಲ್ಲೆ, ತಾಲ್ಲೂಕು ಕೇಂದ್ರಗಳಿಗೆ ಬಂದವು. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯವು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಿಗೆ ಉನ್ನತ ಶಿಕ್ಷಣವನ್ನು ಹತ್ತಿರ ತಂದಿತು. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ಆರಂಭವಾಯಿತು. ಅರ್ಹತೆಗೆ ಸಲ್ಲುವ ಶಿಷ್ಯವೇತನ, ಹಿಂದುಳಿದಿರುವಿಕೆಗೆ ಸಲ್ಲುವ ವಿದ್ಯಾರ್ಥಿವೇತನ ಎಂಬ ಎರಡು ಧಾರೆಗಳು ಈಗ ಒಂದೇ ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ಅಕ್ಕಪಕ್ಕದ ಕಡತಗಳಾಗಿವೆ. 1918ರಲ್ಲಿ ಅವು ಪರಸ್ಪರ ಎದುರಾಳಿಗಳಂತೆ ತೋರಿದ್ದವು. ಬರಗಾಲದ ಸಾಲದಲ್ಲಿ ಮುಳುಗಿದ್ದ ಸಂಸ್ಥಾನವು ಒಬ್ಬ ಬಡ ಪದವೀಧರನಿಗೆ ಕೊಟ್ಟ ವೇತನವು ಕಾಲು ಶತಮಾನದ ಬಳಿಕ ಫಲಿಸಿತು ಎಂಬುದು ಮೊದಲ ಧಾರೆಯ ಸಮರ್ಥನೆ. ಅಂಥ ವೇತನಕ್ಕೆ ಅರ್ಜಿ ಹಾಕುವ ಹಂತಕ್ಕೇ ಬಾರದೆ ಉಳಿದವರ ಹೆಸರುಗಳು ಯಾವ ಜೀವನಚರಿತ್ರೆಯಲ್ಲಿಯೂ ಇಲ್ಲ ಎಂಬುದು ಎರಡನೆಯದರ ಸಮರ್ಥನೆ. ವಿಶ್ವೇಶ್ವರಯ್ಯನವರ ಬದುಕನ್ನು ಈ ಎರಡರ ನಡುವೆ ಇಟ್ಟು ಓದಿದಾಗಲೇ ಅವರ ಸಾಧನೆಯ ಎತ್ತರವೂ ಅವರ ನಿಲುವಿನ ಮಿತಿಯೂ ಸಮಾನವಾಗಿ ಸ್ಪಷ್ಟವಾಗುತ್ತವೆ.