ಕಾಲೇಜು ಶಿಕ್ಷಣಕ್ಕೆ ಹೊಸ ದಾರಿ ತೋರಿದ ಹೆಲೆನ್ ಕೆಲ್ಲರ್

ದೃಷ್ಟಿ ಮತ್ತು ಶ್ರವಣ ಎರಡೂ ಇಲ್ಲದೆ ಪದವಿ ಪಡೆದ ಮೊದಲಿಗರೆಂದು ವಿಶ್ವಖ್ಯಾತಿ ಗಳಿಸಿದ ಹೆಲೆನ್ ಕೆಲ್ಲರ್ ಅವರು 1880ರ ಜೂನ್ 27ರಂದು ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾದಲ್ಲಿ ಜನಿಸಿದರು. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಬಂದ ಕಾಯಿಲೆ ಅವರ ಕಣ್ಣು, ಕಿವಿ ಎರಡನ್ನೂ ಕಸಿದುಕೊಂಡಿತು. 1887ರ ಮಾರ್ಚ್‌ನಲ್ಲಿ ಮನೆಗೆ ಬಂದ ಶಿಕ್ಷಕಿ ಆ್ಯನ್ ಸಲ್ಲಿವನ್, ಹುಡುಗಿಯ ಅಂಗೈಯಲ್ಲಿ ಬೆರಳಿನಿಂದಲೇ ಅಕ್ಷರ ಮೂಡಿಸಿ ಭಾಷೆ ಕಲಿಸಿದರು.

ಈ ಬಾಲ್ಯದ ಕಥೆ ಹಲವರಿಗೆ ಗೊತ್ತು. ಆದರೆ ಕಾಲೇಜು ಸೇರಲು ಅವರು ಪಟ್ಟ ಪಾಡು ಅಷ್ಟಾಗಿ ಪರಿಚಿತವಲ್ಲ. ಹಾರ್ವರ್ಡ್‌ಗೆ ಹೊಂದಿಕೊಂಡಿದ್ದ ರ‍್ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನ ಪ್ರವೇಶ ಪರೀಕ್ಷೆಗೆ 1899ರಲ್ಲಿ ಕುಳಿತಾಗ, ಪ್ರಶ್ನೆಗಳನ್ನು ಓದಿ ಹೇಳಲು ಸಲ್ಲಿವನ್ ಅವರಿಗೆ ಅನುಮತಿ ಸಿಗಲಿಲ್ಲ. ಪ್ರಶ್ನೆಪತ್ರಿಕೆ ಅಮೆರಿಕನ್ ಬ್ರೈಲ್‌ನಲ್ಲಿತ್ತು. ಬೀಜಗಣಿತದಲ್ಲಿ ಹೆಲೆನ್ ಕಲಿತಿದ್ದದ್ದು ಇಂಗ್ಲಿಷ್ ಬ್ರೈಲ್‌ನ ಚಿಹ್ನೆಗಳನ್ನು. ಹೊಸ ಚಿಹ್ನೆಗಳನ್ನು ಕಲಿಯಲು ಸಿಕ್ಕಿದ್ದು ಪರೀಕ್ಷೆಯ ಹಿಂದಿನ ರಾತ್ರಿಯವರೆಗಿನ ಅಲ್ಪಾವಧಿ ಮಾತ್ರ. ಆದರೂ ಅವರು ತೇರ್ಗಡೆಯಾದರು.

1900ರಲ್ಲಿ ಕಾಲೇಜು ಸೇರಿದ ಮೇಲೂ ಕಷ್ಟ ತೀರಲಿಲ್ಲ. ಅಧ್ಯಾಪಕರ ಮಾತನ್ನು ಸಲ್ಲಿವನ್ ಅವರು ಹೆಲೆನ್ ಅಂಗೈಯಲ್ಲಿ ಬರೆಯುತ್ತಿದ್ದರು. ಕೈಯೇ ಕಿವಿಯಾದ್ದರಿಂದ ತರಗತಿಯಲ್ಲಿ ಟಿಪ್ಪಣಿ ಮಾಡಿಕೊಳ್ಳುವಂತಿರಲಿಲ್ಲ. ಮನೆಗೆ ಬಂದು ನೆನಪಿನಿಂದ ಬರೆಯಬೇಕಿತ್ತು. ಬ್ರೈಲ್ ಪಠ್ಯಪುಸ್ತಕಗಳು ವಿರಳವಾಗಿದ್ದವು. ಸ್ವತಃ ದೃಷ್ಟಿದೋಷದಿಂದ ಬಳಲುತ್ತಿದ್ದ ಸಲ್ಲಿವನ್, ಉಳಿದ ಪುಸ್ತಕಗಳನ್ನು ಓದಿ ಅಂಗೈಗೆ ದಾಟಿಸಿದರು. ಲೇಖಕ ಮಾರ್ಕ್ ಟ್ವೈನ್ ಅವರ ಪ್ರಯತ್ನದಿಂದ ಉದ್ಯಮಿ ಹೆನ್ರಿ ರೋಜರ್ಸ್ ಓದಿನ ಖರ್ಚು ವಹಿಸಿಕೊಂಡರು. 1904ರಲ್ಲಿ ಹೆಲೆನ್ ಗೌರವಶ್ರೇಣಿಯಲ್ಲಿ ಪದವೀಧರೆಯಾದರು. ನಾಲ್ಕೂ ವರ್ಷ ಪಕ್ಕದಲ್ಲೇ ಕುಳಿತು ಪಾಠ ಕೇಳಿದ ಗುರುವಿಗೆ ಪದವಿ ದೊರೆಯಲಿಲ್ಲ.

ಮುಂದೆ ಅವರು ಅಂಧರ ಶಿಕ್ಷಣಕ್ಕಾಗಿ ದೇಶದೇಶಗಳನ್ನು ಸುತ್ತಿದರು. 1955ರಲ್ಲಿ ಭಾರತಕ್ಕೂ ಬಂದರು. ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯ ಅವರಿಗೆ ಗೌರವ ಪದವಿ ನೀಡಿತು. 1968ರ ಜೂನ್ 1ರಂದು ಅವರು ನಿಧನರಾದರು.

ಅವರಿಗೆ ಬುದ್ಧಿಯ ಕೊರತೆ ಎಂದೂ ಇರಲಿಲ್ಲ, ಕೊರತೆಯಿದ್ದದ್ದು ವ್ಯವಸ್ಥೆಯಲ್ಲಿ. ಸಮರ್ಪಿತ ಗುರು, ಉದಾರ ದಾನಿ ಎಲ್ಲರಿಗೂ ದೊರೆಯುವುದಿಲ್ಲ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಮೀಸಲಿಟ್ಟಿದೆ. ಸೀಟಿನ ಜೊತೆಗೆ ಓದಲಾಗುವ ಪುಸ್ತಕ, ಬರೆಯಲಾಗುವ ಪರೀಕ್ಷೆಯೂ ಸಿಕ್ಕರೆ ಮಾತ್ರ ಅದು ಸಾರ್ಥಕ. ಅಂತಹ ಮಕ್ಕಳಿರುವ ಮನೆಗಳಿಗೆ ಈ ಮಾಹಿತಿ ತಲುಪಿಸುವುದು ನಮ್ಮ ಸಂಘ-ಸಂಸ್ಥೆಗಳಿಂದ ಆಗಬಹುದಾದ ಕೆಲಸ.