ಥಾಮಸ್ ಮನ್ರೋ

ಸರ್ ಥಾಮಸ್ ಮನ್ರೋ (ಮೇ ೨೭, ೧೭೬೧ – ಜುಲೈ ೬, ೧೮೨೭) ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ, ಕಂದಾಯ ಆಡಳಿತಗಾರ ಹಾಗೂ ಮದರಾಸು ಪ್ರಾಂತ್ಯದ ಗವರ್ನರ್ ಆಗಿದ್ದವರು. ರೈತವಾರಿ ಪದ್ಧತಿಯನ್ನು ರೂಪಿಸಿದವರಲ್ಲಿ ಪ್ರಮುಖರು. ಬಳ್ಳಾರಿ ಸೀಮೆಯನ್ನೊಳಗೊಂಡ ದತ್ತ ಮಂಡಲದಲ್ಲಿ ಇವರು ನಡೆಸಿದ ಭೂಮಾಪನವು ಅಂಕಿಅಂಶಗಳನ್ನು ಸಂಗ್ರಹಿಸಿ, ಪರಿಶೀಲಿಸಿ, ಅವುಗಳಿಂದ ತೀರ್ಮಾನಕ್ಕೆ ಬಂದ ವ್ಯವಸ್ಥಿತ ಕಾರ್ಯಗಳಲ್ಲಿ ಒಂದಾಗಿದೆ.

ಆರಂಭಿಕ ಜೀವನ

ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ನಡೆಸುತ್ತಿದ್ದರು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ ಮನ್ರೋ ಕೆಲಕಾಲ ವರ್ತಕರ ಕಚೇರಿಯೊಂದರಲ್ಲಿ ಕೆಲಸ ಮಾಡಿದರು. ಅಮೆರಿಕದ ಸ್ವಾತಂತ್ರ್ಯ ಸಮರದಿಂದ ತಂದೆಯ ವ್ಯಾಪಾರ ನೆಲಕಚ್ಚಿದಾಗ ಕಂಪನಿಯ ಸೇನೆಗೆ ಸೇರಿ, ೧೭೮೦ರ ಜನವರಿಯಲ್ಲಿ ಮದರಾಸಿಗೆ ಬಂದರು. ಹೈದರ್ ಅಲಿ ಹಾಗೂ ಟಿಪ್ಪು ಸುಲ್ತಾನರ ವಿರುದ್ಧದ ಯುದ್ಧಗಳಲ್ಲಿ ಪಾಲ್ಗೊಂಡರು. ಈ ಅವಧಿಯಲ್ಲಿ ಪಾರ್ಸಿ ಮತ್ತು ಹಿಂದೂಸ್ತಾನಿ ಭಾಷೆಗಳನ್ನು ಕಲಿತರು.

೧೭೯೨ರಿಂದ ೧೭೯೯ರವರೆಗೆ ಬಾರಾಮಹಲ್‌ನಲ್ಲಿ ಅಲೆಕ್ಸಾಂಡರ್ ರೀಡ್ ಅವರ ಸಹಾಯಕರಾಗಿ ಕಂದಾಯ ಆಡಳಿತವನ್ನು ಕಲಿತರು. ಪ್ರತಿಯೊಬ್ಬ ರೈತನೊಂದಿಗೆ ನೇರವಾಗಿ ತೀರ್ವೆಯನ್ನು ಗೊತ್ತುಮಾಡುವ ಕ್ರಮವು ಅಲ್ಲಿಯೇ ರೂಪುಗೊಂಡಿತು. ೧೭೯೯ರಲ್ಲಿ ಕೆನರಾ ಜಿಲ್ಲೆಯ ಆಡಳಿತವನ್ನು ವಹಿಸಿಕೊಂಡರು.

ದತ್ತ ಮಂಡಲದ ಕಲೆಕ್ಟರ್

ಹೈದರಾಬಾದಿನ ನಿಜಾಮರು ೧೮೦೦ರಲ್ಲಿ ಬಳ್ಳಾರಿ, ಅನಂತಪುರ, ಕಡಪ ಪ್ರದೇಶಗಳನ್ನೂ ಕರ್ನೂಲಿನ ಕೆಲಭಾಗವನ್ನೂ ಕಂಪನಿಗೆ ಬಿಟ್ಟುಕೊಟ್ಟರು. ಈ ಸೀಮೆಗೆ ದತ್ತ ಮಂಡಲವೆಂಬ ಹೆಸರು ಬಂದಿತು. ಮನ್ರೋ ಇದರ ಪ್ರಧಾನ ಕಲೆಕ್ಟರ್ ಆಗಿ ನೇಮಕಗೊಂಡು ೧೮೦೭ರವರೆಗೆ ಕಾರ್ಯನಿರ್ವಹಿಸಿದರು. ಅಧಿಕಾರ ವಹಿಸಿಕೊಂಡಾಗ ಪಾಳೆಯಗಾರರ ಪ್ರಾಬಲ್ಯದಿಂದಾಗಿ ವಸೂಲಿ ಅಸ್ತವ್ಯಸ್ತವಾಗಿತ್ತು. ಯಾವ ಊರಿನಲ್ಲಿ ಎಷ್ಟು ಭೂಮಿ ಸಾಗುವಳಿಯಲ್ಲಿದೆ ಎಂಬುದಕ್ಕೆ ಕರಣಂ ಅಥವಾ ಶಾನುಭೋಗರ ಲೆಕ್ಕಗಳೇ ಆಧಾರವಾಗಿದ್ದವು. ಈ ಲೆಕ್ಕಗಳಲ್ಲಿ ಮರೆಮಾಚಿದ ಹೊಲಗಳು ಅನೇಕವಿದ್ದುದರಿಂದ ಅವುಗಳನ್ನು ಪೂರ್ತಿಯಾಗಿ ನಂಬುವಂತಿರಲಿಲ್ಲ.

ಭೂಮಾಪನ

೧೮೦೨ರ ಜೂನ್‌ನಲ್ಲಿ ಭೂಮಾಪನ ಆರಂಭವಾಯಿತು. ಆಗ ಇಡೀ ಮಂಡಲದಲ್ಲಿ ಭೂಮಿಯನ್ನು ಅಳೆಯಲು ಬಲ್ಲವರು ಮನ್ರೋ ಅವರ ಕಚೇರಿಯ ನಾಲ್ವರು ಗುಮಾಸ್ತರು ಮಾತ್ರ. ಸ್ಥಳೀಯ ನಿವಾಸಿಗಳಿಗೆ ಅಳತೆಯ ಕೆಲಸವನ್ನು ಕಲಿಸಿ, ಕ್ರಮೇಣ ಮಾಪಕರ ಸಂಖ್ಯೆಯನ್ನು ನೂರಕ್ಕೆ ಏರಿಸಲಾಯಿತು. ಎಲ್ಲರೂ ೩೩ ಅಡಿ ಉದ್ದದ ಒಂದೇ ಬಗೆಯ ಸರಪಳಿಯನ್ನು ಬಳಸುತ್ತಿದ್ದರು. ೩೩ ಅಡಿ ಉದ್ದ, ೩೩ ಅಡಿ ಅಗಲದ ಚೌಕವು ಇಂದಿನ ಒಂದು ಗುಂಟೆಗೆ ಸಮ. ಅಂತಹ ೪೦ ಚೌಕಗಳು ಒಂದು ಎಕರೆ. ಗುಡ್ಡ ಮತ್ತು ಬಂಡೆಗಳನ್ನು ಬಿಟ್ಟು ಊರು, ದಾರಿ, ಕೆರೆ, ಪಾಳುಭೂಮಿ ಎಲ್ಲವನ್ನೂ ಅಳೆಯಲಾಯಿತು.

ಅಳತೆಯ ನಂತರ ತರಂ ನಿಗದಿಗಾರರು ಗ್ರಾಮದ ಪಟೇಲ, ಕರಣಂ ಹಾಗೂ ರೈತರ ಜೊತೆಗೂಡಿ ಮಣ್ಣಿನ ಗುಣಕ್ಕೆ ಅನುಗುಣವಾಗಿ ಭೂಮಿಯನ್ನು ವಿಂಗಡಿಸುತ್ತಿದ್ದರು. ಭೂಮಿಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂಬ ವಿಭಾಗಗಳಿದ್ದವು. ವಿಜಯನಗರ ಕಾಲದ ಕಾಲುವೆಗಳ ಮೂಲಕ ತುಂಗಭದ್ರೆಯ ನೀರು ಪಡೆಯುವ ಸಿರುಗುಪ್ಪದ ಗದ್ದೆಗಳು ತರಿ ಭೂಮಿಗೂ, ಮಳೆಯನ್ನು ನಂಬಿದ ಬಳ್ಳಾರಿ ಮತ್ತು ಕುರುಗೋಡಿನ ಎರೆಹೊಲಗಳು ಖುಷ್ಕಿ ಭೂಮಿಗೂ ನಿದರ್ಶನಗಳಾಗಿವೆ.

ಅಂಕಿಗಳ ಪರಿಶೀಲನೆ

ಮಾಪಕರಿಗೆ ಅಳೆದ ಎಕರೆಗಳ ಲೆಕ್ಕದಲ್ಲಿ ಕೂಲಿ ಕೊಡಲಾಗುತ್ತಿತ್ತು. ಇದರಿಂದ ಕೆಲಸ ಬೇಗ ಸಾಗಿದರೂ, ಹೆಚ್ಚು ಗಳಿಸುವ ಆಸೆಯಿಂದ ಅವಸರದಲ್ಲಿ ತಪ್ಪಾಗಿ ಅಳೆಯುವ ಸಾಧ್ಯತೆಯಿತ್ತು. ಆದ್ದರಿಂದ ಪ್ರತಿ ತಂಡಕ್ಕೂ ತಿಂಗಳ ಸಂಬಳದ ಒಬ್ಬ ಮುಖ್ಯ ಮಾಪಕರನ್ನು ನೇಮಿಸಿ, ಅಳತೆಗಳನ್ನು ತಾಳೆ ನೋಡಿಸಲಾಯಿತು. ಖುಷ್ಕಿಯಲ್ಲಿ ಶೇಕಡ ೧೦ರಷ್ಟು, ತರಿಯಲ್ಲಿ ಶೇಕಡ ೫ರಷ್ಟು ವ್ಯತ್ಯಾಸಕ್ಕೆ ಅವಕಾಶವಿತ್ತು. ವ್ಯತ್ಯಾಸವು ಈ ಮಿತಿಯನ್ನು ದಾಟಿದರೆ ಮಾಪಕರನ್ನು ಕೆಲಸದಿಂದ ತೆಗೆಯಲಾಗುತ್ತಿತ್ತು. ತರಿ ಭೂಮಿಯ ತೀರ್ವೆ ಹೆಚ್ಚಾಗಿದ್ದುದರಿಂದ ಅಲ್ಲಿ ಸಣ್ಣ ತಪ್ಪೂ ರೈತನಿಗೆ ಇಲ್ಲವೆ ಸರ್ಕಾರಕ್ಕೆ ದೊಡ್ಡ ನಷ್ಟ ತರುವಂತಿತ್ತು. ಕೊನೆಗೆ ಹೊಸ ತೀರ್ವೆಯ ಮೊತ್ತವನ್ನು ಹಿಂದಿನ ವರ್ಷಗಳ ವಸೂಲಿಯೊಂದಿಗೆ ಹೋಲಿಸಿ ಕಚೇರಿಯಲ್ಲಿ ಸರಿಪಡಿಸಲಾಗುತ್ತಿತ್ತು.

ತೀರ್ವೆ ಇಳಿಕೆಯ ಶಿಫಾರಸು

ಮನ್ರೋ ಅವರ ಅವಧಿಯಲ್ಲಿ ಮಂಡಲದ ಕಂದಾಯವು ಸುಮಾರು ಅರ್ಧದಷ್ಟು ಹೆಚ್ಚಿತು. ಆದರೆ ಅಳತೆ ಸರಿಯಾಗಿದ್ದ ಮಾತ್ರಕ್ಕೆ ತೀರ್ವೆಯೂ ನ್ಯಾಯವಾಗಿರಲಿಲ್ಲ. ಭೂಮಾಪನದ ಅಂಕಿಗಳನ್ನು ಪರಿಶೀಲಿಸಿದ ಮನ್ರೋ, ಸರ್ಕಾರದ ಪಾಲು ಒಟ್ಟು ಬೆಳೆಯ ಶೇಕಡ ೪೫ರಷ್ಟಾಗುತ್ತದೆ ಎಂದು ಕಂಡುಕೊಂಡರು. ಅದು ಮೂರನೆಯ ಒಂದು ಭಾಗವನ್ನು ಮೀರಿದರೆ ರೈತನಿಗೆ ಭೂಮಿಯಲ್ಲಿ ಸ್ವಂತದ್ದೆಂದು ಏನೂ ಉಳಿಯದು ಎಂಬುದು ಅವರ ಅಭಿಪ್ರಾಯವಾಗಿತ್ತು. ಆದುದರಿಂದ ೧೮೦೭ರ ಆಗಸ್ಟ್‌ನಲ್ಲಿ ತೀರ್ವೆಯನ್ನು ಶೇಕಡ ೨೫ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಿದರು. ಹೀಗೆ ಇಳಿಸಿದರೆ ನೂರು ರೂಪಾಯಿ ಬೆಳೆಗೆ ೪೫ರ ಬದಲು ಮೂವತ್ತಮೂರು ಮುಕ್ಕಾಲು ರೂಪಾಯಿ ತೀರ್ವೆಯಾಗುತ್ತಿತ್ತು.

ಸರ್ಕಾರ ಆಗ ಇದನ್ನು ಒಪ್ಪಲಿಲ್ಲ. ಮನ್ರೋ ಸ್ವದೇಶಕ್ಕೆ ಮರಳಿದ ನಂತರ ಮಂಡಲವನ್ನು ಬಳ್ಳಾರಿ ಮತ್ತು ಕಡಪ ಜಿಲ್ಲೆಗಳಾಗಿ ವಿಭಜಿಸಿ, ಗ್ರಾಮಗಳನ್ನು ಮೊದಲು ಮೂರು ವರ್ಷಗಳಿಗೆ, ಬಳಿಕ ಹತ್ತು ವರ್ಷಗಳಿಗೆ ಗುತ್ತಿಗೆಗೆ ಕೊಡಲಾಯಿತು. ಅನೇಕ ಗುತ್ತಿಗೆದಾರರು ಹಣ ಕಟ್ಟಲಾಗದೆ ಸೋತರು. ಮನ್ರೋ ಗವರ್ನರ್ ಆದ ಮೇಲೆ ರೈತವಾರಿ ಪದ್ಧತಿಯೂ ತೀರ್ವೆಯ ಇಳಿಕೆಯೂ ಜಾರಿಗೆ ಬಂದವು.

ನಂತರದ ಜೀವನ ಮತ್ತು ಮರಣ

೧೮೧೪ರಲ್ಲಿ ನ್ಯಾಯಾಡಳಿತ ಸುಧಾರಣೆಯ ಆಯೋಗದ ಮುಖ್ಯಸ್ಥರಾಗಿ ಮನ್ರೋ ಮದರಾಸಿಗೆ ಹಿಂದಿರುಗಿದರು. ೧೮೨೦ರಲ್ಲಿ ಮದರಾಸಿನ ಗವರ್ನರ್ ಆದರು. ೧೮೨೭ರಲ್ಲಿ ಸ್ವದೇಶಕ್ಕೆ ಮರಳುವ ಮುನ್ನ ದತ್ತ ಮಂಡಲದ ಪ್ರವಾಸ ಕೈಗೊಂಡಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ನಿಧನರಾದರು. ಗುತ್ತಿಯಲ್ಲಿ ಸಮಾಧಿ ಮಾಡಲಾಗಿದ್ದ ಅವರ ಅವಶೇಷಗಳನ್ನು ೧೮೩೧ರಲ್ಲಿ ಮದರಾಸಿನ ಸಂತ ಮೇರಿ ಚರ್ಚಿಗೆ ಸಾಗಿಸಲಾಯಿತು.

ಪರಂಪರೆ

ದತ್ತ ಮಂಡಲದಲ್ಲಿ ಮಕ್ಕಳಿಗೆ ಮುನ್ರೋಲಪ್ಪ ಎಂದು ಹೆಸರಿಡುವ ರೂಢಿಯಿತ್ತು. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳು ಮಠದ ಭೂಮಿಯ ವಿಚಾರವಾಗಿ ಮನ್ರೋ ಅವರಿಗೆ ದರ್ಶನವಿತ್ತರೆಂಬ ನಂಬಿಕೆ ಭಕ್ತರಲ್ಲಿದೆ. ಫ್ರಾನ್ಸಿಸ್ ಚಾಂಟ್ರಿ ಕೆತ್ತಿದ ಮನ್ರೋ ಅವರ ಕುದುರೆ ಸವಾರಿಯ ಪ್ರತಿಮೆ ಚೆನ್ನೈನಲ್ಲಿದೆ.

ಕ್ಷೇತ್ರದಲ್ಲಿ ಸಂಗ್ರಹಿಸಿದ ಅಂಕಿಗಳನ್ನು ಮತ್ತೊಬ್ಬರಿಂದ ಪರೀಕ್ಷಿಸುವ ಕ್ರಮಕ್ಕೆ ೨೦ನೆಯ ಶತಮಾನದಲ್ಲಿ ಶಾಸ್ತ್ರೀಯ ನೆಲೆ ದೊರೆಯಿತು. ಪ್ರಶಾಂತಚಂದ್ರ ಮಹಾಲನೋಬಿಸ್ ಬಂಗಾಳದ ಸೆಣಬು ಬೆಳೆಯ ಮಾದರಿ ಸಮೀಕ್ಷೆಗಳಲ್ಲಿ ಇದನ್ನು ಬೆಳೆಸಿದರು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹೂವಿನ ಹಡಗಲಿಯಲ್ಲಿ ೧೯೨೦ರಲ್ಲಿ ಜನಿಸಿದ ಸಿ. ಆರ್. ರಾವ್ ಸಂಖ್ಯಾಶಾಸ್ತ್ರದ ಅಂದಾಜು ಸಿದ್ಧಾಂತಕ್ಕೆ ಮಹತ್ವದ ಕೊಡುಗೆ ನೀಡಿದರು. ಇಂದು ಇಂತಹ ಪರಿಶೀಲನೆಯನ್ನು ‘ಆರ್’ನಂತಹ ಸಂಖ್ಯಾಶಾಸ್ತ್ರೀಯ ಕಂಪ್ಯೂಟರ್ ಭಾಷೆಗಳ ನೆರವಿನಿಂದ ಮಾಡಲಾಗುತ್ತದೆ.